ಎಡದಂಡೆಯ ಗತ್ತು

ಮುಂಬಯಿ
14 ಜೂನ್ 1987

ಅಪ್ಪನಿಗೆ ಮೋನಮ್ಮನ ಜೈಭೀಮ್.

ನಾನು ಚೆನ್ನಾಗಿದ್ದೇನೆ. ಈ ತಿಂಗಳು ಮಕ್ಕಳ ವಾರ್ಡಿನಲ್ಲಿ ಡ್ಯೂಟಿ. ಅವ್ವ ಕಳಿಸಿದ ಶೇಂಗಾ ಹಿಂಡಿ ನರ್ಸುಗಳ ಹಾಸ್ಟೆಲಿನಲ್ಲಿ ಎರಡೇ ದಿನಕ್ಕೆ ಖಾಲಿಯಾಯಿತು. ಅರ್ಧ ಡಬ್ಬಿ ತಿಂದವಳು ಕೇರಳದವಳು. ರೊಟ್ಟಿ ಇಲ್ಲದಿದ್ದರೂ ನಡೆಯುತ್ತದೆ, ಹಿಂಡಿ ತರಿಸು ಎಂದು ದಿನವೂ ಕಾಡುತ್ತಾಳೆ. ಇದನ್ನು ಅವ್ವನಿಗೆ ಹೇಳು, ನಗುತ್ತಾಳೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಂಡಿದ್ದೇನೆ. ಎರಡು ವರ್ಷದಿಂದ ನಿನಗೆ ಹೇಳದೆ ಉಳಿಸಿಕೊಂಡ ಮಾತು ಒಂದಿದೆ. ಅಪ್ಪಾ, ನಾನು ಇಲ್ಲಿ ಡ್ರಮ್ ಬಾರಿಸುತ್ತೇನೆ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡ.

ಶಹಾಪುರದಲ್ಲಿ ನಿನ್ನ ಗೆಳೆಯ ಫಕೀರಸಾಬ ಮಾಮನ ಮನೆಯಲ್ಲಿ, ಅವನ ಮದುವೆ ಬ್ಯಾಂಡಿನ ಡ್ರಮ್ಮಿನ ಮುಂದೆ ನಾನು ಕೂತಿದ್ದನ್ನು ನೋಡಿ ನೀನು ನನ್ನ ತೋಳು ಹಿಡಿದು ಎಬ್ಬಿಸಿದ ದಿನ ನನಗೆ ಹದಿಮೂರು ವರ್ಷ. ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನ ಗೇಟು ಬಂದಾಗ, "ಬಡಿಯೂದು ನಮ್ಮ ಮನ್ಯಾಗ ಮುಗದದ. ಇನ್ನೊಮ್ಮೆ ಕೈ ಹಚ್ಚಬ್ಯಾಡ" ಅಂದೆ. ನಾನು ಹೂಂ ಅಂದೆ. ಆಮೇಲೂ ಹೋದೆ. ಖಾಸಿಂಬೀ ಮಾಮಿ ಹೊರಬಾಗಿಲು ಹಾಕಿ, ಅಂಗಳದಲ್ಲಿ ಬಾರಿಸಲು ಬಿಡುತ್ತಿದ್ದಳು. ಅವರಿಬ್ಬರ ಮೇಲೆ ಸಿಟ್ಟಾಗಬೇಡ, ಕಾಡಿದವಳು ನಾನು.

ಇಲ್ಲಿ ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ಕರೆಸಿದ್ದ ತಂಡದ ಡ್ರಮ್ಮರ್ ದುಬೈಗೆ ಹೋಗಿಬಿಟ್ಟಿದ್ದ. ಉಳಿದ ಮೂವರು ಡ್ರಮ್ ಮುಂದಿಟ್ಟುಕೊಂಡು ಪೆಚ್ಚಾಗಿ ನಿಂತಿದ್ದರು. ನಾನು ಸಮವಸ್ತ್ರದಲ್ಲೇ ಹೋಗಿ ಕೂತೆ. ಅಂದಿನಿಂದ ನಾನೂ ಆ ತಂಡದವಳು. ಗಿಟಾರಿನವನು ಗೋವಾದವನು. ಬೇಸ್ ಗಿಟಾರಿನವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕೀಬೋರ್ಡ್ ನುಡಿಸುವಾಕೆ ಶಾಲೆಯಲ್ಲಿ ಸಂಗೀತದ ಟೀಚರ್. ನಾವು ನುಡಿಸುವುದಕ್ಕೆ ಜಾಜ್ ಫ್ಯೂಷನ್ ಅನ್ನುತ್ತಾರೆ. ಜಾಜ್ ಅಂದರೆ ಒಬ್ಬರು ಹಾಡಿನ ದಾರಿ ಬಿಟ್ಟು ಮನಸ್ಸಿಗೆ ಬಂದ ಕಡೆ ತಿರುಗಿ ಬರುತ್ತಾರೆ, ಉಳಿದವರು ಅವರಿಗಾಗಿ ಕಾಯುತ್ತಾರೆ. ರಾಕ್ ಅಂದರೆ ಎದೆಗೆ ಗುದ್ದಿದ ಹಾಗೆ ಜೋರು. ಫಂಕ್ ಅಂದರೆ ಬೇಸೂ ಡ್ರಮ್ಮೂ ಒಬ್ಬರ ಮಾತಿನ ಸಂದಿನಲ್ಲಿ ಇನ್ನೊಬ್ಬರು ಮಾತಾಡುವುದು. ಅದನ್ನು ಕೇಳಿದರೆ ಕಾಲು ಸುಮ್ಮನಿರುವುದಿಲ್ಲ. ಅದಕ್ಕೆ ಇವರು ಗ್ರೂವ್ ಅನ್ನುತ್ತಾರೆ. ನಮ್ಮ ಕಡೆ ಅದನ್ನು ಗತ್ತು ಅನ್ನುತ್ತಾರೆ ಎಂದೆ. ಬೇಸಿನವನಿಗೆ ಆ ಪದ ಹಿಡಿಸಿತು. ಈಗ ಪ್ರತಿ ಸಲವೂ, "ಗತ್ತು ಬಂತಾ?" ಎಂದೇ ಕೇಳುತ್ತಾನೆ.

ಒಂದು ಸಣ್ಣ ಕಂಪನಿ ನಮ್ಮ ಏಳು ಹಾಡುಗಳ ಕ್ಯಾಸೆಟ್ ಮಾಡುತ್ತದಂತೆ. ಮಾತಿಲ್ಲ, ಬರೀ ವಾದ್ಯ. ಡಿಸೆಂಬರಿನಲ್ಲಿ ರೆಕಾರ್ಡಿಂಗ್. ಹೆಸರು 'ಲೆಫ್ಟ್ ಬ್ಯಾಂಕ್'. ಕಂಪನಿಯವನು ಅದನ್ನು ಪ್ಯಾರಿಸ್ಸಿನ ಯಾವುದೋ ಬೀದಿ ಅಂದುಕೊಂಡು ಬಹಳ ಮೆಚ್ಚಿದ. ಹೆಸರಿಟ್ಟವಳು ನಾನು. ನೀನೂ ಅವ್ವನೂ ಬುಟ್ಟಿ ಹೊತ್ತು ಅಗೆದ ನಮ್ಮ ಎಡದಂಡೆ ಕಾಲುವೆಯದು ಅದು.

ಇನ್ನು ಕೇಳುವುದನ್ನು ಕೇಳಿಬಿಡುತ್ತೇನೆ. ನಾನು ಸಣ್ಣವಳಿದ್ದಾಗ, ಹಳೆಯ ಊರಿನಲ್ಲಿ, ನಿನ್ನ ತೊಡೆಯ ಮೇಲೆ ಕೂತು ಕೇಳಿದ ಹಲಗೆಯ ಗತ್ತು ಒಂದು ನನ್ನ ತಲೆಯಲ್ಲಿ ಉಳಿದಿದೆ. ಡಂಗ್ ಡಣಕ ಡಂಗ್, ಆಮೇಲೆ ಒಂದು ಖಾಲಿ, ಮತ್ತೆ ಡಣಕ. ಅದರ ಮೇಲೆ ಹಾಡು ಕಟ್ಟಿದ್ದೇನೆ. ಆದರೆ ಆ ಖಾಲಿಗೆ ಬಂದಾಗ ಎಲ್ಲರೂ ಎಡವುತ್ತೇವೆ. ಅಲ್ಲಿ ಏನಿತ್ತು, ಅಪ್ಪಾ? ಬಾಯಿಮಾತಿನಲ್ಲೇ ಬರೆದು ಕಳಿಸಿದರೂ ಸಾಕು.

ನಿನ್ನ ಮಗಳು
ಮೋನಮ್ಮ


ಭೀಮರಾಯನಗುಡಿ ಕ್ಯಾಂಪ್
9 ಜುಲೈ 1987

ಮಗಳು ಮೋನಮ್ಮನಿಗೆ ಅಪ್ಪನ ಜೈಭೀಮ್.

ಕಾಗದ ತಲುಪಿತು. ಶೇಂಗಾ ಹಿಂಡಿ ಮತ್ತೆ ಕುಟ್ಟಿ ಇಟ್ಟಿದ್ದಾಳೆ ನಿಮ್ಮವ್ವ, ಈ ಸಲ ಎರಡು ಡಬ್ಬಿ. ಯಾದಗಿರಿ ಸ್ಟೇಷನ್ನಿನಿಂದ ಬೊಂಬಾಯಿ ಗಾಡಿಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ.

ಕಾಲುವೆಗೆ ನೀರು ಬಿಟ್ಟಿದ್ದಾರೆ. ನಾನು ಕಾಯುವ ತೂಬಿನ ಗೇಟಿನಲ್ಲಿ ದಿನವೂ ಜಗಳ. ಮೇಲಿನವರು ಭತ್ತ ಹಚ್ಚಿ ನೀರು ನಿಲ್ಲಿಸಿಕೊಳ್ಳುತ್ತಾರೆ, ಕೆಳಗಿನವರು ಬಂದು ನನ್ನ ಮುಂದೆ ಕೂರುತ್ತಾರೆ. ನಿನ್ನೆ ಒಬ್ಬ ದೊಡ್ಡ ರೈತ, "ಅಮರಪ್ಪ, ಇನ್ನ ನಾಕು ಬೆರಳ ಎತ್ತು" ಅಂದ. "ಸಾಹೇಬರ ಚೀಟಿ ತರ್ರಿ, ಎತ್ತತೀನಿ" ಅಂದೆ. ಗೇಟಿನ ಕೀಲಿ ನನ್ನ ಹತ್ತಿರ ಇರುವಾಗ ಎಂಥವರೂ ನನ್ನನ್ನು ಜಾತಿ ಹಿಡಿದಲ್ಲ, ಹೆಸರು ಹಿಡಿದೇ ಕರೆಯುತ್ತಾರೆ.

ಫಕೀರಸಾಬನನ್ನು ಬೈಯಲು ಶಹಾಪುರಕ್ಕೆ ಹೋಗಿದ್ದೆ. ಬಾಗಿಲಲ್ಲೇ, "ನನಗ ಗೊತ್ತಾಗ್ಯದ" ಅಂದೆ. ಅವನು, "ಈಗ ಗೊತ್ತಾತಾ? ಹತ್ತು ವರ್ಷ ಆತು. ಚಾ ಕುಡಿ" ಅಂದ. ಕುಡಿದು ಬಂದೆ.

ಆಸ್ಪತ್ರೆಯ ಕೆಲಸ ಬಿಡಬೇಡ. ನೀನು ಬಾರಿಸುವುದು ನಿನ್ನ ಇಷ್ಟಕ್ಕೆ, ಯಾರ ಮನೆಯ ಬಾಗಿಲಲ್ಲೂ ನಿಂತು ಅಲ್ಲ ಎಂದು ತಿಳಿದುಕೊಂಡಿದ್ದೇನೆ. ಅಷ್ಟು ಸಾಕು.

ನೀನು ಕೇಳಿದ ಗತ್ತು ನನಗೆ ನೆನಪಿಲ್ಲ.

ನಿನ್ನ ಅಪ್ಪ
ಅಮರಪ್ಪ


ಭೀಮರಾಯನಗುಡಿ ಕ್ಯಾಂಪ್
11 ಜುಲೈ 1987

ಪ್ರೀತಿಯ ಮೋನಮ್ಮ,

ಪಕ್ಕದ ಕ್ವಾರ್ಟರ್ಸಿನ ಶಿವಬಸಮ್ಮ ಟೀಚರ್ ಬರೆಯುತ್ತಿರುವುದು. ನಿಮ್ಮವ್ವ ಸುಂದ್ರಮ್ಮ ಕಾರ್ಡು ಹಿಡಿದುಕೊಂಡು ಬಂದು, ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಎಂದು ಪಕ್ಕದಲ್ಲೇ ಕೂತಿದ್ದಾರೆ. ಅವರ ಮಾತು ಇಷ್ಟೇ:

"ನಿಮ್ಮಪ್ಪಗ ಎಲ್ಲಾ ನೆನಪದ. ಕಾಗದ ಬಂದ ದಿನದಿಂದ ಊಟಕ್ಕ ಕುಂತಾಗ ತಾಟಿನ ಅಂಚಿಗೆ ಬೆರಳ ಬಡೀಲಾಕತ್ತಾನ. ನಾ ನೋಡಿದ್ರ ಕೈ ತೊಡಿ ಮ್ಯಾಲ ಇಟಗೊಂತಾನ. ಬಿಡಬ್ಯಾಡ, ಮತ್ತ ಕೇಳು."

ಶಿವಬಸಮ್ಮ


ಮುಂಬಯಿ
23 ಆಗಸ್ಟ್ 1987

ಅಪ್ಪನಿಗೆ ಜೈಭೀಮ್.

ತಾಟಿನ ಅಂಚಿನ ಸುದ್ದಿ ನನಗೆ ಬಂದಿದೆ. ಯಾರು ಹೇಳಿದರೆಂದು ಕೇಳಬೇಡ.

ಇಲ್ಲಿ ಮಳೆ ನಿಂತಿಲ್ಲ. ಭಾನುವಾರ ಭಾನುವಾರ ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ ಅಭ್ಯಾಸ ಮಾಡುತ್ತೇವೆ. ಆರು ಹಾಡು ಕೈಗೆ ಬಂದಿವೆ. ಏಳನೆಯದು ಬಂದಿಲ್ಲ. ಖಾಲಿ ಜಾಗದಲ್ಲಿ ಬೇಸಿನವನು ಏನೇನೋ ತುಂಬಿ ನೋಡಿದ. ಗಿಟಾರಿನವನು ನೋಡಿದ. ಯಾವುದೂ ಕೂರುವುದಿಲ್ಲ. ಕೀಬೋರ್ಡಿನ ಟೀಚರ್ ಕೊನೆಗೆ, "ನಿಮ್ಮ ತಂದೆ ಇದನ್ನು ಯಾಕೆ ಬಿಟ್ಟರು?" ಎಂದು ಕೇಳಿದಳು. ಬೌದ್ಧ ದೀಕ್ಷೆ ತೆಗೆದುಕೊಂಡೆವು, ಹಲಗೆ ಬಿಟ್ಟೆವು ಅಂದೆ. ಹಾಗೆ ಅಂದಾಗಲೇ ಅದು ಪೂರ್ತಿ ನಿಜವಲ್ಲ ಅನ್ನಿಸಿತು. ನಾವು ಊರು ಬಿಟ್ಟಾಗ ನನಗೆ ಆರು ವರ್ಷ. ದೀಕ್ಷೆ ಅದಾದ ನಾಲ್ಕು ವರ್ಷದ ಮೇಲೆ.

ಅಪ್ಪಾ, ಹಾಡಿಗೆಂದು ಕೇಳುತ್ತಿಲ್ಲ. ಇಪ್ಪತ್ತಮೂರು ವರ್ಷದವಳಾದೆ. ದಿನವೂ ಬೇರೆಯವರ ಗಾಯ ಬಿಚ್ಚಿ ತೊಳೆದು ಕಟ್ಟುತ್ತೇನೆ. ನಮ್ಮ ಮನೆಯದು ಏನೆಂದು ನನಗೆ ಗೊತ್ತಿಲ್ಲ.

ಮೋನಮ್ಮ


ಭೀಮರಾಯನಗುಡಿ ಕ್ಯಾಂಪ್
27 ಸೆಪ್ಟೆಂಬರ್ 1987

ಮಗಳು ಮೋನಮ್ಮನಿಗೆ.

ಒಂದು ತಿಂಗಳು ತಡ ಮಾಡಿದೆ. ಮೂರು ಸಲ ಬರೆದು ಹರಿದು ಕಾಲುವೆಗೆ ಹಾಕಿದ್ದೇನೆ. ಇದನ್ನು ಹರಿಯುವುದಿಲ್ಲ.

ಹಲಗೆ ಬಾರಿಸುವವರು ಊರಿನಲ್ಲಿ ನಾವಿಬ್ಬರೇ ಇದ್ದೆವು. ನಾನು, ನನ್ನ ಅಣ್ಣ ಹುಲಗಪ್ಪ. ನಿನಗೆ ದೊಡ್ಡಪ್ಪ ಒಬ್ಬ ಇದ್ದಾನೆ ಎಂದು ನೀನು ಮರೆತಿರಬಹುದು, ಅವನ ಹೆಸರು ಎತ್ತದ ಹಾಗೆ ನಾನೇ ನೋಡಿಕೊಂಡೆ. ಸುರಪುರದ ಆಚೆ ನಮ್ಮ ಹಳೆಯ ಊರಿನಲ್ಲಿ ಈಗಲೂ ಇದ್ದಾನೆ. ಅವನೂ ನಾನೂ ಎದುರುಬದುರು ನಿಂತು ಬಾರಿಸಿದರೆ ಹತ್ತಿಕುಣಿಯ ಕಡೆಯವರೂ ಕೇಳಲು ಬರುತ್ತಿದ್ದರು.

ನಾವು ಊರು ಬಿಟ್ಟ ವರ್ಷ ಒಂದು ಬೆಳಿಗ್ಗೆ ನಿನ್ನಜ್ಜಿ ಮರಿಲಿಂಗಮ್ಮ ತೀರಿಕೊಂಡಳು. ಅದೇ ದಿನ ಗೌಡರ ಮನೆಯಲ್ಲಿ ಮದುವೆ. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆವು, ಅಷ್ಟರಲ್ಲಿ ಅವರ ಆಳು ಬಂದ. "ಹಲಗಿ ತಗೊಂಡು ನಡೀರಿ" ಅಂದ. ಅಣ್ಣ, "ಅವ್ವ ಹೋಗ್ಯಾಳ್ರಿ" ಅಂದ. ಆ ಆಳು ಒಳಗೆ ಇಣುಕಿ ನೋಡಿದ. "ಮುದುಕಿ ಎಲ್ಲಿಗೂ ಹೋಗಂಗಿಲ್ಲ. ಮೆರವಣಿಗಿ ಹೋಗ್ತದ. ಏಳ್ರಿ" ಅಂದ.

ಎದ್ದೆವು, ಮಗಳೇ. ಅದನ್ನೇ ನಿನಗೆ ಹೇಳಲು ಆಗದೆ ಇದ್ದದ್ದು. ಎದ್ದು ಹೋದೆವು. ಹೊತ್ತು ಮುಳುಗುವ ತನಕ ಮದುಮಗನ ಕುದುರೆಯ ಮುಂದೆ ಬಾರಿಸಿದೆವು. ಕುಣಿಯುವವರು ಕುಣಿದರು. ತಿರುಗಿ ಬಂದಾಗ ಓಣಿಯವರು ಅವ್ವನನ್ನು ಹೊರಲು ತಯಾರಾಗಿ ಕಾಯುತ್ತಿದ್ದರು. ಅವಳಿಗೆ ಬಾರಿಸಬೇಕು. ಅಣ್ಣ ಎರಡೂ ಹಲಗೆ ಬೆಂಕಿಗೆ ಕಾಯಿಸಿ ನನ್ನದನ್ನು ನನ್ನ ಕೈಗೆ ಕೊಟ್ಟ. ನನ್ನ ಕೈ ಏಳಲಿಲ್ಲ. ಅಣ್ಣ ಒಬ್ಬನೇ ಬಾರಿಸಿದ. ಅರ್ಧ ಗತ್ತು ಕೇಳುತ್ತ ನಿನ್ನಜ್ಜಿ ಮಣ್ಣಿಗೆ ಹೋದಳು.

ಮರುದಿನ ಹಲಗೆ ಒಡೆದು ಒಲೆಗೆ ಹಾಕಿದೆ. "ನಡಿ ಅಣ್ಣಾ, ಕಾಲುವಿ ಅಗಿಯಾಕ ಹೋಗೂಣ. ಅಲ್ಲಿ ಯಾರೂ ಯಾರ ಮನಿ ಬಾಗಲಿಗೆ ನಿಂದ್ರಂಗಿಲ್ಲ" ಅಂದೆ. ಅವನು, "ಹಲಗಿ ಏನ್ ತಪ್ಪ ಮಾಡಿತ್ತು? ಅದನ್ನ ಯಾಕ ಸುಟ್ಟಿ?" ಅಂದ. ಅಷ್ಟಕ್ಕೇ ಮಾತು ಮುರಿಯಿತು. ನಿನ್ನನ್ನೂ ನಿಮ್ಮವ್ವನನ್ನೂ ಕರೆದುಕೊಂಡು ನಾನು ಹೊರಟುಬಿಟ್ಟೆ. ನಾನು ಬಂದ ಮೇಲೆ ಗೌಡರ ಮನೆಯವರು ಅವನನ್ನು ಏನು ಮಾಡಿದರು ಎಂದು ಕೇಳಲಿಲ್ಲ. ಕೇಳಲು ಹೆದರಿದೆ. ಸುರಪುರಕ್ಕೆ ಇಲ್ಲಿಂದ ಬಸ್ಸಿನಲ್ಲಿ ಒಂದೇ ತಾಸು. ಹದಿನೇಳು ವರ್ಷ ಆಯಿತು.

ಆ ಗತ್ತು ಇಬ್ಬರದು. ನಾನು ಬಿಟ್ಟಲ್ಲಿ ಅವನು ಹಿಡಿಯುತ್ತಿದ್ದ. ನನ್ನ ಹಲಗೆ ನಿನ್ನ ಕಿವಿಗೆ ಹತ್ತಿ ಇತ್ತು, ಅದಕ್ಕೆ ನಿನಗೆ ನನ್ನದೊಂದೇ ನೆನಪುಳಿದಿದೆ. ಖಾಲಿ ಜಾಗದಲ್ಲಿ ಏನಿತ್ತು ಎಂದು ಕೇಳಿದೆಯಲ್ಲ. ಅಲ್ಲಿ ನಿನ್ನ ದೊಡ್ಡಪ್ಪ ಇದ್ದ.

ಅಪ್ಪ


ಮುಂಬಯಿ
8 ಅಕ್ಟೋಬರ್ 1987

ಅಪ್ಪಾ,

ಕಾಗದವನ್ನು ಡ್ಯೂಟಿಯ ನಡುವೆ ಲಿನನ್ ಕೋಣೆಯಲ್ಲಿ ನಿಂತು ಓದಿದೆ. ಮಡಚಿ ಜೇಬಿಗಿಟ್ಟು ವಾರ್ಡಿಗೆ ಹೋದೆ.

ನೀನು ಎದ್ದು ಹೋದದ್ದಕ್ಕೆ ನನಗೆ ನಾಚಿಕೆ ಇಲ್ಲ. ನಿನಗೂ ಬೇಡ. ಆ ದಿನ ಹೋಗದಿದ್ದರೆ ಓಣಿಗೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲದಿದ್ದರೂ ಅಂದಾಜಿದೆ.

ಏಳನೆಯ ಹಾಡು ತೆಗೆದುಬಿಟ್ಟಿದ್ದೇನೆ. ಆರೇ ಸಾಕು ಎಂದು ಉಳಿದವರಿಗೆ ಹೇಳಿದೆ, ಒಪ್ಪಿದರು. ಇನ್ನು ನಿನಗೆ ನನ್ನ ಕಡೆಯಿಂದ ಯಾವ ಒತ್ತಾಯವೂ ಇಲ್ಲ.

ಆದರೂ ಒಮ್ಮೆ ಸುರಪುರದ ಬಸ್ಸು ಹತ್ತು. ನನಗಾಗಿ ಅಲ್ಲ.

ಮೋನಮ್ಮ


ಭೀಮರಾಯನಗುಡಿ ಕ್ಯಾಂಪ್
19 ನವೆಂಬರ್ 1987

ಮಗಳು ಮೋನಮ್ಮನಿಗೆ ಅಪ್ಪನ ಜೈಭೀಮ್.

ಹೋಗಿ ಬಂದೆ.

ಒಬ್ಬನೇ ಹೋಗಲು ಧೈರ್ಯ ಬರಲಿಲ್ಲ. ಫಕೀರಸಾಬನನ್ನು ಕರೆದೆ. ಅವನು ಹೆಗಲಿಗೆ ಟೇಪ್ ರೆಕಾರ್ಡರ್ ಹಾಕಿಕೊಂಡು ಬಂದ. "ಅದು ಯಾಕೋ?" ಅಂದರೆ, "ದಾರ್ಯಾಗ ಹಾಡು ಕೇಳಾಕ" ಅಂದ. ಸುಳ್ಳು ಎಂದು ಗೊತ್ತಿತ್ತು.

ಊರು ಗುರುತು ಸಿಗಲಿಲ್ಲ. ಓಣಿಯ ಹಿಂದೆ ಕಾಲುವೆಯ ಮರಿಗಾಲುವೆ ಬಂದಿದೆ. ನಮ್ಮ ಮನೆ ಹಾಗೇ ಇದೆ. ಅಣ್ಣ ಬಾಗಿಲ ಮುಂದೆ ಕೂತು ಹಲಗೆಗೆ ಹೊಸ ಚರ್ಮ ಬಿಗಿಯುತ್ತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ನಾನು ಹೋಗಿ ಮುಂದೆ ನಿಂತು, "ಅಣ್ಣಾ" ಅಂದೆ. ತಲೆ ಎತ್ತಲಿಲ್ಲ. ಹಗ್ಗ ಎಳೆಯುತ್ತಲೇ, "ಯಾಕ, ಬಸ್ಸು ತಡಾ ಆತೇನು?" ಅಂದ.

ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದೆ ಎಳೆದುಕೊಂಡ. ಆಮೇಲೆ ಸಿಟ್ಟು ಬಂತು ಅವನಿಗೆ. ಬರಲಿ ಎಂದೇ ಹೋಗಿದ್ದೆ.

"ನೀ ಹಲಗಿ ಒಡದಿ, ಇಜ್ಜತ್ ಉಳಿಸಿಕೊಂಡಿ. ಖರೆ ಅದ. ನಾ ಇಲ್ಲ ಅನ್ನಂಗಿಲ್ಲ. ಹಿಂದ ಉಳದಾಂವಗ ಏನಾತು ಅಂತ ಕೇಳಿದ್ಯಾ? ನಿನ್ನ ಪಾಲಿನ ಬಿಟ್ಟಿ ಚಾಕರಿ ಯಾರು ಮಾಡಿದ್ರು? ಎರಡು ಮಳಿಗಾಲ ಹಗಲೆಲ್ಲ ಅವರ ಹೊಲ, ಸಂಜಿಗೆ ಅವರ ದನ. ಹದಿನೇಳು ವರ್ಷ ಎರಡು ಕೈಲೆ ನಾಕು ಕೈದು ಕೆಲಸ ಮಾಡೀನಿ ನಾ."

"ತಪ್ಪಾತು ಅಣ್ಣಾ. ಹೋಗಿದ್ದು ತಪ್ಪಲ್ಲ. ತಿರುಗಿ ನೋಡಲಿಲ್ಲಲ್ಲ, ಅದು ತಪ್ಪು" ಅಂದೆ. ಅವನು ಹಗ್ಗ ಬಿಟ್ಟ. ಅತ್ತಿಗೆ ಒಳಗಿನಿಂದ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟು, ಅಣ್ಣನಿಗೆ, "ಬೈಯೂದು ಮುಗದ್ರ ಕುಂದ್ರಸು ಅವನ್ನ" ಅಂದಳು.

ಊಟ ಆದ ಮೇಲೆ ನಿನ್ನ ಕಾಗದಗಳನ್ನು ಓದಿದೆ. ನೀನು ಡ್ರಮ್ ಬಾರಿಸುತ್ತೀ ಅಂದಾಗ ಎರಡು ಸಲ ಓದಿಸಿದ. "ನಮ್ಮ ಮೋನಿ? ಹೆಣ್ಣ ಹುಡುಗಿ? ನಾಕು ಮಂದಿ ಮುಂದ ಕುಂತು?" "ಹೌದು ಅಣ್ಣಾ, ಕುಂತು. ಕುರ್ಚಿ ಮ್ಯಾಲ" ಅಂದೆ. ಬಹಳ ನಕ್ಕ. ಕಣ್ಣು ಒರೆಸಿಕೊಂಡು, "ಖಾಲಿ ಜಾಗದಾಗ ಎಡವತಾಳಂತ? ಎಡವಬೇಕಾದ್ದ. ಅಲ್ಲಿ ನಾ ಇಲ್ಲಲ್ಲ" ಅಂದ.

ಫಕೀರಸಾಬ ಮೆಲ್ಲಗೆ ಟೇಪ್ ರೆಕಾರ್ಡರ್ ಮುಂದೆ ಸರಿಸಿದ. ಅಣ್ಣ ಎದ್ದು ಒಳಗಿನಿಂದ ಇನ್ನೊಂದು ಹಲಗೆ ತಂದ. ಸ್ವಲ್ಪ ಹುಲ್ಲು ಹಚ್ಚಿ ಎರಡನ್ನೂ ಕಾಯಿಸಿದ. "ಇಲ್ಲೆ ಬ್ಯಾಡ. ಅವ್ವನ ಹತ್ರ ಹೋಗೂಣ" ಅಂದ.

ಮರಿಗಾಲುವೆಯ ಪಕ್ಕದಲ್ಲೇ ನಮ್ಮ ಮಣ್ಣಿನ ಜಾಗ. ನಾಲ್ಕು ಗಂಟೆಯ ಬಿಸಿಲು. ಫಕೀರಸಾಬ ಟೇಪನ್ನು ಒಂದು ಕಲ್ಲಿನ ಮೇಲೆ ಇಟ್ಟ. ನನ್ನ ಬೆರಳು ಗೇಟಿನ ಚಕ್ರ ತಿರುವಿ ತಿರುವಿ ಬಿರುಸಾಗಿವೆ. ಮೊದಲ ಸಲ ತಪ್ಪಿದೆ. ಎರಡನೆಯ ಸಲವೂ ತಪ್ಪಿದೆ. ಅಣ್ಣ ನನ್ನನ್ನೇ ನೋಡುತ್ತ ಕಾದ. ಮೂರನೆಯ ಸಲ ನಾನು ಬಿಟ್ಟೆ, ಅವನು ಹಿಡಿದ. ಅದಾದ ಮೇಲೆ ಎಷ್ಟು ಹೊತ್ತು ಬಾರಿಸಿದೆವೋ ತಿಳಿಯದು. ಓಣಿಯವರು ಬಂದು ದೂರದಲ್ಲಿ ನಿಂತಿದ್ದರು. ಯಾರೂ ಕುಣಿಯಲಿಲ್ಲ. ಹದಿನೇಳು ವರ್ಷದ ಮೇಲೆ ನಿನ್ನಜ್ಜಿಗೆ ಪೂರ್ತಿ ಗತ್ತು ಮುಟ್ಟಿತು.

ಟೇಪು ಈ ಪಾರ್ಸೆಲಿನಲ್ಲಿದೆ. ಕೊನೆಯಲ್ಲಿ ಒಂದು ದೊಡ್ಡ ಸದ್ದು ಬರುತ್ತದೆ, ಹೆದರಬೇಡ, ಅದು ಫಕೀರಸಾಬ ಮೂಗು ಸೀನಿದ್ದು. ಬಟನ್ ಒತ್ತುವುದು ಮರೆತು ಅಳುತ್ತ ಕೂತಿದ್ದ.

ಹಾಡಿಗೆ ಬೇಕಾದರೆ ಹಾಕು. ನನ್ನದೊಂದು ಷರತ್ತಿದೆ. ಅದು ಯಾರದೆಂದು ಹೆಸರು ಬರೆಸಬೇಕು. ಅಣ್ಣನ ಹೆಸರು ಮೊದಲು.

ಅಪ್ಪ


ಮುಂಬಯಿ
17 ಜನವರಿ 1988

ಅಪ್ಪನಿಗೂ ದೊಡ್ಡಪ್ಪನಿಗೂ ಜೈಭೀಮ್.

ಈ ಕಾಗದವನ್ನು ದೊಡ್ಡಪ್ಪನಿಗೆ ಓದಿ ಹೇಳು.

ಟೇಪು ಬಂದ ಸಂಜೆ ನಾಲ್ವರೂ ಚರ್ಚಿನ ಹಾಲಿನಲ್ಲಿ ನೆಲದ ಮೇಲೆ ಕೂತು ಕೇಳಿದೆವು. ಮೊದಲು ನೀರಿನ ಸದ್ದು. ಆಮೇಲೆ ನೀವು ತಪ್ಪಿದ ಎರಡು ಸಲ. ಮೂರನೆಯ ಸಲ ದೊಡ್ಡಪ್ಪ ಒಳಗೆ ಬಂದಾಗ ಬೇಸಿನವನು ನನ್ನ ಮೊಣಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ. ಮುಗಿದ ಮೇಲೆ, "ಇಷ್ಟು ದಿನ ನಾವು ಇದನ್ನು ತುಂಬಲು ಹೋಗಿದ್ದೆವಲ್ಲ, ಎಂಥ ದಡ್ಡರು" ಅಂದ.

ಏಳನೆಯ ಹಾಡು ಮತ್ತೆ ಸೇರಿಸಿದೆವು. ಆ ಜಾಗದಲ್ಲಿ ನಾವು ಯಾರೂ ನುಡಿಸುವುದಿಲ್ಲ. ನಿಮ್ಮ ಟೇಪನ್ನೇ ಸ್ಟುಡಿಯೋದವರು ಹಾಡಿನ ಉದ್ದಕ್ಕೂ ಹರಿಸಿದ್ದಾರೆ. ಮೊದಲು ನೀವಿಬ್ಬರೇ. ನಂತರ ಬೇಸ್ ಅಪ್ಪನ ಪೆಟ್ಟಿನ ಜೊತೆ ನಡೆಯುತ್ತದೆ. ಆಮೇಲೆ ನಾನು ಬರುತ್ತೇನೆ. ಗಿಟಾರು ಜೋರಾಗಿ ಎದ್ದು ಎಲ್ಲೆಲ್ಲೋ ತಿರುಗಿ ಮತ್ತೆ ನಿಮ್ಮ ಹತ್ತಿರವೇ ಬಂದು ನಿಲ್ಲುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾರಿಸುವಾಗ ನೀವಿಬ್ಬರೂ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತ ಹಾಗಿತ್ತು. ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು. ಮೊದಲ ಮೂರು ಸಲ ಕಣ್ಣು ಕಾಣದೆ ಕೆಟ್ಟಿತು.

ಹೆಸರಿನ ವಿಷಯಕ್ಕೆ ಜಗಳವಾಯಿತು. ಕ್ಯಾಸೆಟ್ಟಿನ ಒಳಚೀಟಿಯ ಕರಡು ತಂದು ಕಂಪನಿಯವನು ತೋರಿಸಿದ. ಏಳನೆಯ ಹಾಡಿನ ಮುಂದೆ 'ಹಳ್ಳಿಯ ಸಾಂಪ್ರದಾಯಿಕ ತಾಳ' ಎಂದಿತ್ತು. ಹೆಸರು ಹಾಕಿ ಅಂದೆ. "ಇಂಥದ್ದಕ್ಕೆಲ್ಲ ಹೆಸರು ಇರುವುದಿಲ್ಲ, ಊರೇ ಬಾರಿಸುತ್ತದೆ" ಅಂದ. ಊರು ಬಾರಿಸುವುದಿಲ್ಲ, ಊರು ಬಾರಿಸಲು ಕರೆಯುತ್ತದೆ ಅಂದೆ. ಅವನಿಗೆ ತಿಳಿಯಲಿಲ್ಲ. ಆ ದಿನ ರೆಕಾರ್ಡಿಂಗಿಗೆ ಇನ್ನೂ ಎರಡು ಹಾಡು ಬಾಕಿ ಇದ್ದವು. ನಾನು ಕೋಲು ಕೆಳಗಿಟ್ಟು ಹೋಗಿ ಮೆಟ್ಟಿಲ ಮೇಲೆ ಕೂತೆ. ಹೆದರಿಕೆಯಾಗಿತ್ತು, ಅಪ್ಪಾ. ಇವರು ಬೇರೆ ಡ್ರಮ್ಮರನನ್ನು ಕರೆಸಿದರೆ ನನ್ನದು ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಬೇಸಿನವನು ಗಿಟಾರಿನ ವೈರು ಕಿತ್ತಿಟ್ಟು ಬಂದು ಪಕ್ಕದಲ್ಲಿ ಕೂತ. ಆಮೇಲೆ ಟೀಚರ್. ಗಿಟಾರಿನವನು ಮಾತ್ರ ಒಳಗೇ ಇದ್ದ, ಅವನಿಗೆ ಈ ಕ್ಯಾಸೆಟ್ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಅರ್ಧ ತಾಸಾದ ಮೇಲೆ ಅವನೂ ಬಂದ. ಕೂರಲಿಲ್ಲ. "ಹುಲಗಪ್ಪ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಕಂಪನಿಯವನು ಒಳಗೆ ಕೇಳುತ್ತಿದ್ದಾನೆ" ಅಂದ.

ಎರಡು ಕ್ಯಾಸೆಟ್ ಕಳಿಸುತ್ತೇನೆ, ಮಾರ್ಚಿನಲ್ಲಿ ಬರುತ್ತವೆ. ಒಂದು ನಿನಗೆ, ಒಂದು ದೊಡ್ಡಪ್ಪನಿಗೆ. ಫಕೀರಸಾಬ ಮಾಮನ ಮೂಗಿನ ಸದ್ದು ಕತ್ತರಿಸಿದ್ದಾರೆ. ನಮಗೆಲ್ಲ ಅದೊಂದು ಬೇಸರ.

ಮೋನಮ್ಮ


ಸುರಪುರದ ಹತ್ತಿರ, ನಮ್ಮೂರು
22 ಮೇ 1988

ಮಗಳು ಮೋನಮ್ಮನಿಗೆ ಅಪ್ಪನ ಜೈಭೀಮ್.

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಾನು ಐದು ದಿನದಿಂದ ಅಣ್ಣನ ಮನೆಯಲ್ಲಿದ್ದೇನೆ. ಅವನು ಪಕ್ಕದಲ್ಲಿ ಕೂತು ಬರೆಸುತ್ತಿದ್ದಾನೆ. ನಾನು ನನ್ನದು ಏನಾದರೂ ಸೇರಿಸುತ್ತೇನೆ ಎಂದು ಅನುಮಾನ, ಒಂದೊಂದು ಸಾಲಿಗೂ ಓದಿಸುತ್ತಾನೆ.

ಮೊದಲು ಕ್ಯಾಸೆಟ್ಟಿನ ಬಗ್ಗೆ ಅವನ ಮಾತು: "ಮೊದಲನೇ ಹಾಡು ನನಗ ತಿಳೀಲಿಲ್ಲ. ಎರಡನೇದು ಬಾಳ ಗದ್ದಲ. ನಾಕನೇದು ಚಲೋ ಅದ. ಆ ದಪ್ಪ ತಂತಿಯಾಂವ ಶಾಣ್ಯಾ ಅದಾನ, ಎಲ್ಲಿ ಸುಮ್ಮ ಇರಬೇಕು ಅಂತ ಅವಗ ತಿಳದದ. ನಿನ್ನ ಕೈ ಚೊಕ್ಕ ಅದ ಮೋನವ್ವಾ, ಆದ್ರ ಜರಾ ಅವಸರ ಮಾಡ್ತಿ. ಅದು ನಿಮ್ಮಪ್ಪನ ಕಡಿಂದ ಬಂದದ್ದು."

ಇದನ್ನು ಬರೆಯಲೇಬೇಕು ಅಂದ, ಬರೆದೆ. ಇನ್ನು ನಾನು ಹೇಳುತ್ತೇನೆ.

ನಾಲ್ಕು ದಿನದ ಹಿಂದೆ ಗೌಡರ ಮನೆಯಲ್ಲಿ ಮದುವೆ ಇತ್ತು. ಹಿಂದಿನ ಗೌಡರು ಈಗಿಲ್ಲ, ಅವರ ಹಿರಿಯ ಮಗನ ಕಾರುಬಾರು. ಆಳು ಬಂದು, "ನಾಳಿ ಮುಂಜಾನಿ ಹಲಗಿ ತಗೊಂಡು ಬಾ" ಅಂದ. ಅಣ್ಣ ಕಟ್ಟೆಯ ಮೇಲೆ ಕೂತಿದ್ದವನು ಏಳಲಿಲ್ಲ. "ಬರಂಗಿಲ್ಲ್ರಿ" ಅಂದನಂತೆ. ಯಾಕೆ ಅಂದರೆ, "ನಂದು ಕ್ಯಾಸೆಟ್ ಬಂದದ. ಬೇಕಾದ್ರ ಅದನ್ನ ಹಚ್ಚಿಕೊಳ್ರಿ" ಅಂದನಂತೆ.

ಆಳು ಹೋದ. ಅಣ್ಣ ಒಳಗೆ ಹೋಗಿ ಬಾಗಿಲಿಗೆ ಅಗುಳಿ ಹಾಕಿಕೊಂಡನಂತೆ. ಅತ್ತಿಗೆ ಬಸ್ಸಿನ ಕಂಡಕ್ಟರ್ ಯಂಕಣ್ಣನ ಕೈಯಲ್ಲಿ ನನಗೆ ಸುದ್ದಿ ಕಳಿಸಿದಳು. ನಾನು ಗೇಟಿನ ಕೀಲಿ ಸಾಹೇಬರಿಗೆ ಒಪ್ಪಿಸಿ, ರಜೆ ಚೀಟಿ ಬರೆದು, ಹಾಸಿಗೆ ಸುತ್ತಿಕೊಂಡು ಮುಂದಿನ ಬಸ್ಸಿಗೇ ಬಂದೆ. ಅಣ್ಣ ನೋಡಿ, "ನೀ ಯಾಕ ಬಂದಿ? ಹೋಗು, ನೌಕರಿ ಮಾಡಾಂವ" ಅಂದ. "ಈ ಸಲ ಇರಾಕ ಬಂದೀನಿ ಅಣ್ಣಾ" ಅಂದೆ. ಅವನು ನನ್ನ ಹಾಸಿಗೆ ಇಸಿದುಕೊಂಡು ಒಳಗೆ ಒಯ್ದ.

ಮದುವೆ ಹಲಗೆ ಇಲ್ಲದೆ ನಡೆಯಿತು. ಶಹಾಪುರದಿಂದ ಬ್ಯಾಂಡ್ ತರಿಸಲು ಹೋಗಿದ್ದರು. ಅದು ಫಕೀರಸಾಬನ ಬ್ಯಾಂಡ್. ಕ್ಲಾರಿನೆಟ್ ಕೆಟ್ಟಿದೆ ಅಂದನಂತೆ. ಮರುದಿನ ಊರಿನ ಗಿರಣಿಯವನು ನಮ್ಮ ಜೋಳ ಬೀಸಲಿಲ್ಲ. ಅಂಗಡಿಯವನು ಎಣ್ಣೆ ಇಲ್ಲ ಅಂದ. ಫಕೀರಸಾಬ ಜೋಳ ಒಯ್ದು ಶಹಾಪುರದಲ್ಲಿ ಬೀಸಿಸಿ, ಬಸ್ಸಿನ ಮೇಲೆ ಹಾಕಿ ಕಳಿಸಿದ. ಓಣಿಯ ಹೆಂಗಸರು ದಿನವೂ ಒಬ್ಬೊಬ್ಬರಾಗಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಹೋದರು. ಅಣ್ಣನೂ ನಾನೂ ಬಾಗಿಲಲ್ಲೇ ಇದ್ದೆವು. ಹೆದರಿಕೆ ಇರಲಿಲ್ಲ ಎಂದು ನಿನಗೆ ಸುಳ್ಳು ಬರೆಯುವುದಿಲ್ಲ.

ಇವತ್ತು ಬೆಳಿಗ್ಗೆ ಮದುಮಗ ಬಂದ. ಹಿಂದಿನ ಗೌಡರ ಕಿರಿಯ ಮಗ, ಗುಲ್ಬರ್ಗದಲ್ಲಿ ಓದಿದವನು. ಮೋಟರ್ ಸೈಕಲ್ ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದುಕೊಂಡು ಬಂದ. ಅಣ್ಣ ನನ್ನ ತೋಳು ಹಿಡಿದುಕೊಂಡ. ಆ ಹುಡುಗ ನಮ್ಮ ಮುಂದೆ ನಿಂತು ಅತ್ತ ನೋಡಿದ, ಇತ್ತ ನೋಡಿದ. "ಹುಲಗಪ್ಪ" ಅಂದ. ಒಂದು ಸಲ ಗಂಟಲು ಸರಿಮಾಡಿಕೊಂಡ. "ಹುಲಗಪ್ಪಣ್ಣ, ಆ ಕ್ಯಾಸೆಟ್ ಎಲ್ಲಿ ಸಿಗ್ತದ?" ಅಂದ.

ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಬೊಂಬಾಯಿಂದ ಬರಬೇಕ್ರಿ. ನನ್ನ ಮಗಳಿಗೆ ಬರದು ತರಸ್ತೀನಿ" ಅಂದ ಅಣ್ಣ. ಹುಡುಗ ತಲೆಯಾಡಿಸಿ ಹೋದ. ಮಧ್ಯಾಹ್ನ ಗಿರಣಿಯವನು ತಾನಾಗಿಯೇ ಕರೆದು ಜೋಳ ಬೀಸಿಕೊಟ್ಟ. ಮುಂದೆ ಏನಾಗುತ್ತದೋ ಗೊತ್ತಿಲ್ಲ. ಇನ್ನೆರಡು ದಿನ ಇದ್ದು ನೋಡಿಕೊಂಡು ಕ್ಯಾಂಪಿಗೆ ಹೋಗುತ್ತೇನೆ.

ಅಣ್ಣ ಕಾಗದ ಮುಗಿಸಲು ಬಿಡುತ್ತಿಲ್ಲ. ಕೊನೆಯ ಮಾತು ತನ್ನದೇ ಇರಬೇಕಂತೆ.

"ಮೋನವ್ವಾ, ಇನ್ನೊಂದು ಕ್ಯಾಸೆಟ್ ಜಲ್ದಿ ಕಳಸು. ನಿಮ್ಮಪ್ಪ, 'ಸದ್ಯಕ್ಕ ನಿಂದ ಆ ಹುಡುಗಗ ಕೊಡು ಅಣ್ಣಾ' ಅನ್ನಾಕತ್ತಾನ. ನಂದು ನಾ ಯಾರಿಗೂ ಕೊಡಂಗಿಲ್ಲ."

ನಿನ್ನ ದೊಡ್ಡಪ್ಪ ಹುಲಗಪ್ಪ
ಬರೆದವನು ಅಮರಪ್ಪ